ಅವ್ವ ಎರಡು ಸಲ ಮೂಸುವುದಿಲ್ಲ

ನಮ್ಮವ್ವ ದುರುಗಕ್ಕನ ಮೂಗಿನ ಬಗ್ಗೆ ನೀವು ಕೇಳಿಲ್ಲವೆಂದರೆ ನೀವಿನ್ನೂ ಚಳ್ಳಕೆರೆಗೆ ಕಾಲಿಟ್ಟಿಲ್ಲ ಎಂದರ್ಥ. ಊರಿನಲ್ಲಿ ಎಣ್ಣೆ ಮಿಲ್ಲುಗಳು ಬಹಳ, ಮೂಗು ಎಂದು ಕರೆಯಬಹುದಾದ ಮೂಗು ಒಂದೇ. ಅದು ಚಿಕ್ಕೀರಪ್ಪನವರ ಮಿಲ್ಲಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ ದುಡಿಯುತ್ತದೆ. ಆಮೇಲೆ ಮನೆಗೆ ಬಂದು ನನ್ನ ಮೇಲೆ ದುಡಿಯುತ್ತದೆ. ಈ ಎರಡನೇ ಪಾಳಿಗೆ ಸಂಬಳವಿಲ್ಲ, ರಜೆಯೂ ಇಲ್ಲ.

ಮಿಲ್ಲಿನ ಅಂಗಳಕ್ಕೆ ರೈತರ ಶೇಂಗಾ ಮೂಟೆಗಳು ಬಂದು ಸಾಲಾಗಿ ನಿಲ್ಲುತ್ತವೆ. ಅವ್ವ ಒಂದೊಂದರೊಳಕ್ಕೂ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಹೊಟ್ಟು ಊದಿ ಮೂಸುತ್ತಾಳೆ. "ಆತು" ಅಂದರೆ ಮೂಟೆ ಒಳಕ್ಕೆ. "ಮುಗ್ಗೈತೆ" ಅಂದರೆ ಹೊರಕ್ಕೆ. ಒಮ್ಮೆ ಸಾವ್ಕಾರ್ ಚಿಕ್ಕೀರಪ್ಪನವರು ತೇವ ಅಳೆಯುವ ಯಂತ್ರ ತರಿಸಿ, ಯಂತ್ರಕ್ಕೂ ಅವ್ವನಿಗೂ ಪಂದ್ಯ ಇಟ್ಟರು. ನೂರು ಮೂಟೆ. ಯಂತ್ರ ಬರೀ ತೇವ ಹೇಳಿತು. ಅವ್ವ ತೇವ ಹೇಳಿದಳು, ಮುಗ್ಗು ಹೇಳಿದಳು, ಕಾಯಿ ಯಾವ ಊರಿನ ಯಾವ ಹೊಲದ್ದು ಎಂದು ಹೇಳಿದಳು, ಮೂಟೆ ತಂದ ಟ್ರ್ಯಾಕ್ಟರಿನ ಡ್ರೈವರ್ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿಂದು ಕೈ ತೊಳೆದಿಲ್ಲ ಎಂದೂ ಹೇಳಿದಳು. ಯಂತ್ರಕ್ಕೆ ಅವಮಾನವಾಗಿ ಎರಡು ದಿನ ಆನ್ ಆಗಲಿಲ್ಲ. ಈಗ ಅದರ ಮೇಲೆ ಸಾವ್ಕಾರರು ಟೀ ಲೋಟ ಇಡುತ್ತಾರೆ.

ಅವ್ವನದು ಒಂದು ಕಟ್ಟುನಿಟ್ಟು. ಬೇಡ ಅಂದ ಮೂಟೆಯನ್ನು ಎರಡನೇ ಸಲ ಮೂಸುವುದಿಲ್ಲ. ರೈತ ಕಾಲಿಗೆ ಬೀಳಲಿ, ದಲ್ಲಾಳಿ ದೇವರ ಮೇಲೆ ಆಣೆ ಇಡಲಿ, ಅವ್ವ ಆ ಮೂಟೆಯ ಪಕ್ಕದಲ್ಲಿ ಗೋಡೆಯ ಪಕ್ಕ ನಡೆದಂತೆ ನಡೆದುಹೋಗುತ್ತಾಳೆ. ಇರುವುದೊಂದೇ ದಾರಿ. ಮೂಟೆ ಬಿಚ್ಚಿ, ಮಿಲ್ಲಿನ ಹಿಂದಿನ ಕಣದಲ್ಲಿ ಸುರಿದು, ಮೂರು ದಿನ ಬಿಸಿಲಿಗೆ ಹರವಿ, ಬೇರೆ ಚೀಲಕ್ಕೆ ತುಂಬಿ, ಸಾಲಿನ ಕಟ್ಟಕಡೆಗೆ ತಂದು ನಿಲ್ಲಿಸಬೇಕು. ಆಗ ಅದು ಹೊಸ ಮೂಟೆ. ಹೊಸ ಮೂಟೆಗೆ ಅವ್ವ ಹಳೆಯ ಕಥೆ ಕೇಳುವುದಿಲ್ಲ.

ಮನೆಯ ಬಾಗಿಲಲ್ಲೂ ಹೆಚ್ಚುಕಡಿಮೆ ಇದೇ ವ್ಯವಹಾರ. ಸಂಜೆ ನಾನು ಹೊಸ್ತಿಲಿಗೆ ಬರುತ್ತಿದ್ದಂತೆ ಅವ್ವ ಎದುರು ನಿಲ್ಲುತ್ತಾಳೆ.

"ಹಾ ಅನ್ನು."

"ಹಾ."

ಮೂಸಿ, "ಮಿರ್ಚಿ. ಎರಡು. ಅಸ್ಲಂ ಜೊತೆ. ಎಣ್ಣೆ ಹಳೇದು, ಆ ಅಂಗಡಿಗೆ ಇನ್ನು ಹೋಗಬ್ಯಾಡ" ಎಂದು ಹೇಳಿ, ಸೆರಗಿನಿಂದ ನನ್ನ ಮುಖ ಒರೆಸಿ ಒಳಕ್ಕೆ ಬಿಡುತ್ತಾಳೆ. ಆ ಸೆರಗಿಗೂ ಕೈಗೂ ಹುರಿದ ಶೇಂಗಾದ ವಾಸನೆ. ಒರೆಸುತ್ತಲೇ ಯಾರ ಜೊತೆ ಇದ್ದೆ, ಏನು ಮಾತಾಡಿದೆ, ಯಾರ ಹುಟ್ಟಿದ ದಿನ ಯಾವಾಗ, ಎಲ್ಲ ಕೇಳಿ ತೆಗೆಯುತ್ತಾಳೆ. ನಾನು ಸೆಕೆಂಡ್ ಪಿಯುಸಿ ಓದುವ, ಮೀಸೆ ಮೂಡಿದ, ಕಾಲೇಜಿನ ವಾಲಿಬಾಲ್ ತಂಡದ ಆಧಾರಸ್ತಂಭ. ಹೆಸರು ಚಿರಂಜೀವಿ. ಅಂಥವನು ದಿನಾ ಬೀದಿಗೆ ಕಾಣುವಂತೆ ಬಾಯಿ ತೆರೆದು ನಿಲ್ಲಬೇಕು! ನಮ್ಮಪ್ಪ ಗಾದ್ರಪ್ಪನಿಗೂ ವಿನಾಯಿತಿಯಿಲ್ಲ. ಅಪ್ಪ ಮಂಡಿಯಲ್ಲಿ ಹಮಾಲಿ, ನೂರು ಕಿಲೋ ಮೂಟೆಯನ್ನು ತಲೆದಿಂಬಿನಂತೆ ಎತ್ತುವ ಆಳು. ಹಿಂದೆ ಒಂದು ಸಲ ಪಕ್ಕದೂರು ನನ್ನಿವಾಳದ ಹೊಲದಲ್ಲಿ ಕದ್ದು ಒಂದು ಬೀಡಿ ಹಚ್ಚಿದ. ಚಳ್ಳಕೆರೆಯಲ್ಲಿ ಅವ್ವ ಸೀನಿದಳು. ಅಪ್ಪನ ಬೀಡಿ ಅವತ್ತಿಗೇ ಮುಗಿಯಿತು.

ನನ್ನ ಕಾಲೇಜು ಗೆಳೆಯ ಅಸ್ಲಂನ ಕಷ್ಟ ಬೇರೆ ಥರದ್ದು. ಅವರಪ್ಪ ಬಾಬಾ ಜಾನ್ ಮೆಕ್ಯಾನಿಕ್. ಅವರಿಗೆ ಮೂಗು ಬೇಕಿಲ್ಲ, ಮೀಟರ್ ಸಾಕು. ಅಸ್ಲಂ ಗಾಡಿ ತೆಗೆಯುವಾಗ ಕಿಲೋಮೀಟರನ್ನು ಗ್ಯಾರೇಜಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ, ಬಂದ ಮೇಲೆ ಮತ್ತೆ ನೋಡುತ್ತಾರೆ. ಬಸ್ ಸ್ಟ್ಯಾಂಡಿಗೆ ಹೋಗಿ ಬಂದೆ ಅಂದವನು ಪಾವಗಡ ರಸ್ತೆಯ ಡಾಬಾ ಮುಟ್ಟಿ ಬಂದಿದ್ದರೆ ಗೋಡೆ ಸಾಕ್ಷಿ ಹೇಳುತ್ತದೆ. ಟೈರಿನ ಸಂದಿಯ ಮಣ್ಣು ನೋಡಿ, "ಇದು ಕೆಂಪು, ಇದು ಕಪ್ಪು, ಕಪ್ಪು ಮಣ್ಣಿನ ಕಡೆ ನಿನಗೇನು ಕೆಲಸ ಇತ್ತು ಬೇಟಾ?" ಎಂದು ಅಷ್ಟು ಪ್ರೀತಿಯಿಂದ ಕೇಳುತ್ತಾರೆಂದರೆ ಅಸ್ಲಂ ಕೇಳದ್ದನ್ನೂ ಹೇಳಿಬಿಡುತ್ತಾನೆ.

ಹೀಗೆ ನಾವಿಬ್ಬರೂ ಮುಚ್ಚಳ ಹಾಕಿದ ಡಬ್ಬಿಗಳಂತೆ ಬೆಳೆಯುತ್ತಿರುವಾಗ ನಮ್ಮ ಜೊತೆ ಒಬ್ಬ ಮಹಾರಾಜನಿದ್ದ. ಮಾರುತಿ. ಅವರಪ್ಪ ಜಂಬುಲಿಂಗಪ್ಪ ಬೋರ್‌ವೆಲ್ ಗುತ್ತಿಗೆದಾರರು, ಲಾರಿಗಳ ಹಿಂದೆ ಅನಂತಪುರ, ಕರ್ನೂಲು ಎಂದು ಓಡಾಡುವವರು. ನೆಲದೊಳಗೆ ಸಾವಿರ ಅಡಿ ಏನಿದೆ ಎಂದು ಹೇಳಬಲ್ಲರು, ಮಗ ಎಷ್ಟನೇ ಕ್ಲಾಸು ಎಂದು ಕೇಳಿದರೆ ಯೋಚಿಸಬೇಕು. ಅವರಮ್ಮ ಅಕ್ಕನ ನೀಟ್ ಕೋಚಿಂಗ್ ಎಂದು ದಾವಣಗೆರೆಯಲ್ಲಿ ಬಾಡಿಗೆ ಮನೆ ಮಾಡಿದ್ದರು. ಮಾರುತಿಯ ಮನೆಯಲ್ಲಿ ಮಾರುತಿ, ನಲವತ್ಮೂರು ಇಂಚಿನ ಟಿವಿ, ಮತ್ತೆ ಫೋನಿನಲ್ಲಿ ಊಟ ತರಿಸುವ ಸೌಕರ್ಯ. ಅವನು ಎಷ್ಟು ಹೊತ್ತಿಗೆ ಬೇಕಾದರೂ ಬರಬಹುದು, ಬರದೆಯೂ ಇರಬಹುದು. ಸಿಗರೇಟನ್ನು ಪೆನ್ನಿನಂತೆ ಜೇಬಿನಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಅವನನ್ನು ಕಂಡು ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಒಂದು ಎಣ್ಣೆ ಮಿಲ್ಲಿನ ಬಾಯ್ಲರ್ ನಡೆಸಬಹುದಿತ್ತು.

"ನಿನ್ನ ಯಾರೂ ಏನೂ ಕೇಳಲ್ವೇನಲೇ?" ಅಂದೆ ಒಂದು ದಿನ.

"ಕೇಳ್ತಾರೆ," ಅಂದ. "ಊಟದ ಹುಡುಗ ಓಟಿಪಿ ಕೇಳ್ತಾನೆ."

ಡಿಸೆಂಬರಿನಲ್ಲಿ ಈ ಮಹಾರಾಜ ಕಾಲೇಜಿನ ಕಾಂಪೌಂಡ್ ಹಿಂದೆ ನನಗೆ ಕಾಲು ಪಾಕೀಟು ಗುಟ್ಕಾ ದಯಪಾಲಿಸಿದ. ನನ್ನಷ್ಟು ಧೈರ್ಯವಂತ ಇನ್ನೊಬ್ಬನಿಲ್ಲ, ಬಾಯಿಗೆ ಹಾಕಿಯೇಬಿಟ್ಟೆ. ಭೂಮಿ ಎರಡು ಸುತ್ತು ಹೆಚ್ಚಿಗೆ ತಿರುಗಿತು. ಉಗುಳಿ, ಮೂರು ಸಲ ಹಲ್ಲುಜ್ಜಿ, ಎರಡು ಬಾಳೆಹಣ್ಣು ತಿಂದು ಮನೆಗೆ ಹೋದೆ.

"ಹಾ ಅನ್ನು."

"ಹಾ."

ಅವ್ವ ಪದರ ಪದರವಾಗಿ ಬಿಚ್ಚಿದಳು. "ಬಾಳೆಹಣ್ಣು. ಅದರ ಕೆಳಗೆ ಪೇಸ್ಟು. ಅದರ ಕೆಳಗೆ..." ಎಂದು ನಿಲ್ಲಿಸಿ, ಕಟ್ಟೆಯ ಮೇಲೆ ಕೂತಳು. ಹೊಡೆಯಲಿಲ್ಲ. ನನಗೆ ಅದೇ ಭಯವಾಯಿತು. "ಯಾರು ಕೊಟ್ರು ಅಂತ ಕೇಳಲ್ಲ. ಬಾಯಿ ನಿಂದು. ಇದೊಂದ್ಸಲ ಬಿಟ್ಟೀನಿ. ಇನ್ನೊಂದ್ಸಲ ಇಂಥದ್ದು ಬಂತು ಅಂದ್ರೆ ಮಿಲ್ಲಿನ ಮೂಟೆಗೆ ಹೆಂಗೋ ನಿಂಗೂ ಹಂಗೆ. ಆಮ್ಯಾಲೆ ನಿನ್ನ ಮೂಸಲ್ಲ. ನಿನ್ನ ಪಾಡಿಗೆ ನೀನು."

ನಾನು ಒಳಗೊಳಗೇ ಕುಣಿದೆ. ಇದೇನು ಶಿಕ್ಷೆಯೋ ಬಹುಮಾನವೋ? ಆದರೆ ಊಟಕ್ಕೆ ಕೂತಿದ್ದ ಅಪ್ಪ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಇಳಿಸಿ, ಅವ್ವ ಅತ್ತ ಹೋದ ಮೇಲೆ ಪಿಸುಗುಟ್ಟಿದ.

"ಲೇ, ಹುಷಾರು. ಆ ಬೀಡಿ ಟೈಮ್‌ನಾಗೆ ನನ್ನ ಎರಡು ತಿಂಗಳು ಮೂಸಿರಲಿಲ್ಲ. ಬ್ಯಾಡಪ್ಪಾ ಆ ಬಾಳು. ಛತ್ರದಾಗೆ ಇದ್ದಂಗೆ ಇದ್ದೆ."

ಅಪ್ಪನಿಗೆ ಏನು ಗೊತ್ತು ಎಂದುಕೊಂಡೆ.

ಫೆಬ್ರವರಿಯ ಒಂದು ಭಾನುವಾರ ಮಾರುತಿಗೆ ಹದಿನೇಳು ತುಂಬುವುದಿತ್ತು. ಮೊಳಕಾಲ್ಮೂರು ಕಡೆ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೋಗುವುದು, ದೇವರ ದರ್ಶನ ಮಾಡುವುದು, ಕೆಳಗಿಳಿದು ದೂರದ ಬಂಡೆಗಳ ಹಿಂದೆ ಬಿಯರ್ ಕುಡಿಯುವುದು ಎಂದು ಅವನೇ ಗೊತ್ತುಮಾಡಿದ. ಮೂರು ಬಾಟಲಿ ತರುವ ಹೊಣೆಯೂ ಅವನದೇ. ತಂದ ರೀತಿ ಕೇಳಿ. ಅಕ್ಕನ ಕಾಡಿಗೆಯಲ್ಲಿ ಮೀಸೆ ದಪ್ಪ ಮಾಡಿಕೊಂಡು, ಅವರಪ್ಪನ ಅಂಗಿ ಹಾಕಿಕೊಂಡು ಅಂಗಡಿಗೆ ಹೋಗಿದ್ದಾನೆ. ಅಂಗಡಿಯವನು, "ಏನ್ರೀ ಯಜಮಾನ್ರೇ, ಹೊಲದಾಗೆ ಬೋರ್ ಬಿತ್ತಾ?" ಎಂದು ಕೇಳಿ ಕೊಟ್ಟನಂತೆ.

ನನ್ನ ಹೊಣೆ ಅವ್ವನ ಮೂಗು. ಒಂದು ವಾರ ಸಂಶೋಧನೆ ನಡೆಸಿದೆ. ಮಾರುತಿ ಸಿಗರೇಟು ಸೇದುವುದು, ಮೇಲೆ ಒಂದೊಂದು ಪದಾರ್ಥ ಅಗಿಯುವುದು, ಅಸ್ಲಂ ಮೂಸಿ ತೀರ್ಪು ಕೊಡುವುದು. ಹಸಿ ಈರುಳ್ಳಿ ಫೇಲ್. ಕಾಫಿಪುಡಿ ಜಸ್ಟ್ ಪಾಸ್. ಸೀಬೆ ಎಲೆಯ ಜೊತೆ ಚಿಟಿಕೆ ಇಂಗು ಹಾಕಿದಾಗ ಅಸ್ಲಂ ಹಿಂದಕ್ಕೆ ಬಿದ್ದು, "ಯಾ ಅಲ್ಲಾ! ಸಿಗರೇಟಲ್ಲ, ನಿನ್ನ ಹೆಸರೇ ಮರೆತೋಯ್ತು ಕಣೋ" ಎಂದು ಫಸ್ಟ್ ಕ್ಲಾಸ್ ಕೊಟ್ಟ. ಒಂದು ಬಟ್ಟೆಯ ಚೀಲದ ತುಂಬ ಸೀಬೆ ಎಲೆ, ಒಂದು ಡಬ್ಬಿ ಇಂಗು ತುಂಬಿಸಿದೆ. ಅಷ್ಟು ಇಂಗಿನಲ್ಲಿ ಒಂದು ಮದುವೆ ಮುಗಿಸಬಹುದಿತ್ತು.

ಭಾನುವಾರ ಬೆಳಿಗ್ಗೆ ಅವ್ವ ಬುತ್ತಿ ಕಟ್ಟಿಟ್ಟಿದ್ದಳು. "ಮೂರು ಜನಕ್ಕೆ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಐತೆ. ಅಗಾ, ಆ ಕೆಂಪು ಡಬ್ಬಿ ಮಾರುತಿದು. ಶೇಂಗಾ ಹೋಳಿಗೆ. ಹುಟ್ಟಿದ ದಿನ ಅಲ್ವಾ ಇವತ್ತು? ನೀವಿಬ್ಬರು ಅದನ್ನ ಮುಟ್ಟಬ್ಯಾಡ್ರಿ."

"ನಿಂಗೆ ಹೆಂಗೆ ಗೊತ್ತು?"

"ಹೋದ ವರ್ಷ ನೀನೇ ಹೇಳಿದ್ದಲ್ಲೋ, ಮುಖ ಒರೆಸ್ತಾ ಇದ್ದಾಗ."

ಬಾಬಾ ಜಾನ್ ತಮ್ಮ ಲಗೇಜ್ ಆಟೋ ಕೊಟ್ಟರು. ಲೈಸೆನ್ಸ್ ಇರುವುದು ನಮ್ಮಲ್ಲಿ ಅಸ್ಲಂಗೆ ಮಾತ್ರ, ಅವನಿಗೆ ಹದಿನೆಂಟು ತುಂಬಿದೆ. ಗೋಡೆಯ ಮೇಲೆ ಸೀಮೆಸುಣ್ಣ ಆಡಿಸುತ್ತಾ ಅವರು ಹೇಳಿದರು, "ಬೆಟ್ಟಕ್ಕೆ ಹೋಗೋದು ಬರೋದು ಎಷ್ಟು ಅಂತ ನನಗೆ ಗೊತ್ತು. ಜಾಸ್ತಿ ಬಂದ್ರೆ ಯಾಕೆ ಅಂತ ಮೀಟರ್‌ನ ಕೇಳ್ತೀನಿ, ನಿನ್ನ ಕೇಳಲ್ಲ. ಸಮ್ಝಾ?"

"ಜೀ ಅಬ್ಬಾ."

ಹೊರಟೆವು. ಅಸ್ಲಂ ಸ್ಟಿಯರಿಂಗ್ ಹಿಡಿದ, ಮಾರುತಿ ಪಕ್ಕದಲ್ಲಿ, ನಾನು ಹಿಂದಿನ ತೊಟ್ಟಿಯಲ್ಲಿ ರಾಜನಂತೆ. ನಮ್ಮ ಆಟೋದ ವೇಗಕ್ಕೆ ಬಸ್ಸುಗಳು ದಾರಿ ಬಿಟ್ಟು ಪಕ್ಕಕ್ಕೆ ನಿಂತವು. ಒಂದು ಎತ್ತಿನ ಗಾಡಿ ನಮ್ಮನ್ನು ಹಿಂದಿಕ್ಕಿದ್ದು ಆಕಸ್ಮಿಕ.

ಬಿ.ಜಿ. ಕೆರೆಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹೆಂಗಸು ರಸ್ತೆ ಮಧ್ಯೆ ನಿಂತು ಕೈಯಡ್ಡ ಹಾಕಿದಳು. ಅವ್ವನ ತಂಗಿ ನಿರ್ಮಲಾ, ಅಲ್ಲೇ ಟೀ ಅಂಗಡಿ ಇಟ್ಟುಕೊಂಡಿರುವ ನಮ್ಮ ಚಿಗವ್ವ. ಆಂಧ್ರದ ಲಾರಿಯವರ ಜೊತೆ ಮಾತಾಡಿ ಮಾತಾಡಿ ಅವಳ ಕನ್ನಡದಲ್ಲಿ ಅರ್ಧ ತೆಲುಗು ಕೂತಿದೆ.

"ಏಮ್ರಾ ಚಿರಂಜೀವಿ! ಅಕ್ಕ ಆರಕ್ಕೇ ಫೋನ್ ಮಾಡಿದ್ಲು. ಎಂಟೂವರೆಗೆ ಬರ್ತಾರೆ, ಮಜ್ಜಿಗೆ ಕೊಡು ಅಂತ. ಎಂಟೂ ನಲವತ್ತಾತು. ಆ ಹತ್ತು ನಿಮಿಷ ಎಲ್ಲಿಗೆ ಪೋಯಿಂದಿ?"

"ರೈಲ್ವೆ ಗೇಟ್ ಹಾಕಿದ್ರು ಚಿಗವ್ವ."

"ಯಾವ ಗೇಟು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೂವರಿಗೂ ಮಜ್ಜಿಗೆ ಕುಡಿಸಿ, ಮಾರುತಿಯ ತಲೆ ಸವರಿ, "ಈ ಪಿಲ್ಲಗಾಡು ಯಾರು? ಸೊರಗಿದಾನೆ, ಇನ್ನೊಂದು ಲೋಟ ಕುಡಿ" ಎಂದು ಅವನಿಗೆ ಎರಡನೇ ಲೋಟ ಕೊಟ್ಟು ಬಿಟ್ಟಳು. ಹುಟ್ಟಿದ ದಿನಕ್ಕೆಂದು ಮತ್ತೆ ತೀಡಿಕೊಂಡು ಬಂದಿದ್ದ ಮೀಸೆಗೆ ಮಜ್ಜಿಗೆ ತಾಗಿ ಕಾಡಿಗೆ ಇಳಿಯಿತು. ಹದಿನೇಳರ ಯಜಮಾನ ಮತ್ತೆ ಹದಿನಾಲ್ಕರ ಹುಡುಗನಾದ.

ಬೆಟ್ಟ ಹತ್ತಿದೆವು. ನಾನು ಮೆಟ್ಟಿಲುಗಳನ್ನು ಐದೈದಾಗಿ ಹಾರಿದೆ. ಉಳಿದಿಬ್ಬರು ಮೇಲೆ ಕೂತು ನನಗಾಗಿ ಕಾದಿದ್ದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೇವರಿಗೆ ಚೆನ್ನಾಗಿಯೇ ಕೈಮುಗಿದೆವು, ಮನೆಯಲ್ಲಿ ಹೇಳಿದ ಮಾತು ಅರ್ಧವಾದರೂ ನಿಜವಾಗಬೇಕಲ್ಲ. ಆಮೇಲೆ ಇಳಿದು, ದೂರ ನಡೆದು, ಒಂದು ದೊಡ್ಡ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಮಾರುತಿ ಬಾಟಲಿಗಳನ್ನು ಸಾಲಾಗಿ ಇಟ್ಟ.

ಆಗ ಫೋನುಗಳು ಶುರುವಾದವು. ಬಾಬಾ ಜಾನ್‌ಗೆ ಮೀಟರಿನ ಫೋಟೊ ಬೇಕಂತೆ, ಅಸ್ಲಂ ಬಿಸಿಲಲ್ಲಿ ಆಟೋವರೆಗೆ ಓಡಿ ತೆಗೆದು ಕಳಿಸಿದ. ಅವ್ವ ಒಂದು ಗಂಟೆಯಲ್ಲಿ ಒಂಬತ್ತು ಸಲ. ಮೆಟ್ಟಿಲು ಜಾರ್ತಾವಾ? ಬಿಸಿಲು ಜಾಸ್ತಿಯಾ? ಟವೆಲ್ ತಲೆಗೆ ಹಾಕ್ಕಂಡಿದೀಯಾ? ಒಂಬತ್ತನೇ ಸಲ, "ಮಾರುತಿ ಕೈಗೆ ಕೊಡು" ಅಂದಳು. ನಾನು ಸ್ಪೀಕರ್ ಹಾಕಿದೆ.

"ಏನಪ್ಪಾ, ಹೋಳಿಗೆ ತಿಂದ್ಯಾ?"

"ತಿಂತೀನಿ ಆಂಟಿ."

"ಆಂಟಿ ಗೀಂಟಿ ಅನ್ನಬ್ಯಾಡ, ನಂಗೆ ಬ್ಯಾಂಕಿನಾಗೆ ಕುಂತಂಗಾಗ್ತೈತೆ. ಇವರಿಬ್ಬರು ಕಿತ್ಕಂಡು ತಿಂದ್ರೆ ಹೇಳು. ನೂರು ವರ್ಷ ಬಾಳು. ಬಿಸಿಲಾಗೆ ಕುಂದ್ರಬ್ಯಾಡ."

ಫೋನ್ ಇಟ್ಟ ಮೇಲೆ ಮಾರುತಿ ಕೆಂಪು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಫೋನು ತೆಗೆದು ಎತ್ತರಕ್ಕೆ ಹಿಡಿದು ನೋಡಿದ. "ಇಲ್ಲಿ ಟವರ್ ಸರಿಯಿಲ್ಲ ಕಣಲೇ. ಇಲ್ಲಾಂದ್ರೆ ಅಪ್ಪ ಮಾಡಿರ್ತಿದ್ರು."

ನನ್ನದೂ ಅವನದೂ ಒಂದೇ ಕಂಪನಿಯ ಸಿಮ್ಮು. ನಾನು ಹೇಳಲಿಲ್ಲ. ಹೇಳಬೇಕಾದಲ್ಲಿ ಸುಮ್ಮನಿದ್ದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

"ದಿನಾ ಹಿಂಗೇ ಮಾತಾಡ್ತಾರಾ ನಿಮ್ಮವ್ವ?"

"ದಿನಕ್ಕೆ ನಾನೂರು ಸಲ."

"ಪಾಪ ಕಣಲೇ ನೀನು," ಎಂದು ನಾಲ್ಕು ಹೋಳಿಗೆಯನ್ನೂ ಒಂದೊಂದಾಗಿ, ಚೂರು ನೆಲಕ್ಕೆ ಬೀಳದಂತೆ ತಿಂದ. ಆಮೇಲೆ ಬಾಟಲಿ ತೆರೆದು ಯಾರೋ ಅಟ್ಟಿಸಿಕೊಂಡು ಬಂದಂತೆ ಕುಡಿಯತೊಡಗಿದ. ಅಸ್ಲಂ ಮುಟ್ಟಲಿಲ್ಲ. "ನಾನು ಗಾಡಿ ಓಡಿಸ್ಬೇಕು, ಮೇಲಾಗಿ ಅಬ್ಬಾಗೆ ಗೊತ್ತಾದ್ರೆ ನನ್ನನ್ನೇ ಬಿಚ್ಚಿ ಸರ್ವಿಸ್ ಮಾಡ್ತಾರೆ" ಎಂದು ಮೊಸರನ್ನಕ್ಕೆ ಕೈಹಾಕಿದ.

ನಾನು? ನಾನು ಹತ್ತು ಬಾಟಲಿ ಕುಡಿದೂ ನೇರ ನಡೆಯಬಲ್ಲೆ. ಅವತ್ತು ಮಾತ್ರ ಒಂದು ಗುಟುಕು. ಎಷ್ಟೋ ದಿನ ನೆನೆದ ಶೇಂಗಾ ಹಿಂಡಿಯ ನೀರಿನ ಹಾಗಿತ್ತು. ಇದಕ್ಕಾಗಿ ಜನ ಕಾಡಿಗೆಯ ಮೀಸೆ ಬಿಡುತ್ತಾರಾ ಎಂದು ಬಾಟಲಿಯನ್ನು ಮಾರುತಿಯ ಕಡೆಗೇ ತಳ್ಳಿದೆ. ಅವನು ಅದನ್ನೂ ಅಸ್ಲಂನ ಪಾಲಿನದನ್ನೂ ಮುಗಿಸಿದ. ಸರಿ, ಇನ್ನು ಸೀಬೆ ಎಲೆ ಅಗಿಯೋಣ ಎಂದು ತಿರುಗುತ್ತೇನೆ, ನನ್ನ ಚೀಲವನ್ನು ಒಂದು ಕೋತಿ ಬಂಡೆಯ ಮೇಲೆ ಕೂತು ಪರಿಶೀಲಿಸುತ್ತಿದೆ! ಎಲೆಗಳನ್ನು ಗಾಳಿಗೆ ತೂರಿತು. ಇಂಗಿನ ಡಬ್ಬಿ ತೆರೆದು ಒಮ್ಮೆ ಮೂಸಿತು. ಆಮೇಲೆ ಅದು ಕೂಗಿದ ಕೂಗು ಆಂಧ್ರದ ಗಡಿ ದಾಟಿತು. ಡಬ್ಬಿ ಕಂದಕಕ್ಕೆ ಹೋಯಿತು, ಕೋತಿ ಕಾಶಿಗೆ ಹೋಗಿರಬೇಕು.

ದಾರಿಯುದ್ದಕ್ಕೂ ಮೊಸರನ್ನ ತಿಂದೆ, ನೀರು ಮುಕ್ಕಳಿಸಿದೆ, ಬೇವಿನ ಸೊಪ್ಪು ಕೂಡ ಜಗಿದೆ. ಸಂಜೆ ಐದಕ್ಕೆ ನಮ್ಮ ಬೀದಿ ಮುಟ್ಟಿದಾಗ ಮಾರುತಿಯನ್ನು ಅಸ್ಲಂ ಹೆಗಲಿಗೆ ಆನಿಸಿಕೊಂಡಿದ್ದ. ಅವ್ವ ಹೊಸ್ತಿಲಲ್ಲಿದ್ದಳು.

"ಹಾ ಅನ್ನು."

ಓಡಿಹೋಗಬಹುದಿತ್ತು. ಬಾಯಿ ತೆರೆದೆ. "ಹಾ" ಅಂದೆ.

ಅವ್ವ ಮೂಸಿದಳು. ಪದರ ಬಿಚ್ಚಲಿಲ್ಲ, ಬೇವು ಎನ್ನಲಿಲ್ಲ, ಮೊಸರು ಎನ್ನಲಿಲ್ಲ. ಮಿಲ್ಲಿನಲ್ಲಿ ಹೇಳುವಂತೆ, ಅಷ್ಟೇ ಮೆಲ್ಲಗೆ, "ಮುಗ್ಗೈತೆ" ಅಂದಳು.

ಸೆರಗು ಕೈಗೆ ಬರಲಿಲ್ಲ. ನನ್ನ ಮುಖದ ಮೇಲಿನ ಧೂಳು ಹಾಗೇ ಉಳಿಯಿತು.

ಹಿಂದೆ ತೂರಾಡುತ್ತಿದ್ದ ಮಾರುತಿ ಮುಂದಕ್ಕೆ ಬಂದು ಬಾಗಿ ಬಾಯಿ ತೆರೆದ. "ಆಂಟಿ... ನಂದು?"

ಅವ್ವ ಅವನನ್ನು ಮೂಸಲಿಲ್ಲ. ಮೂಸುವ ಅಗತ್ಯವೂ ಇರಲಿಲ್ಲ, ನೆಗಡಿಯಾದ ಎಮ್ಮೆಗೂ ಗೊತ್ತಾಗುತ್ತಿತ್ತು. "ಇವನ ಮನ್ಯಾಗೆ ಯಾರದಾರೆ?" ಎಂದು ಅಸ್ಲಂನನ್ನು ಕೇಳಿದಳು. ಯಾರೂ ಇಲ್ಲವೆಂದು ಗೊತ್ತಾದ ಮೇಲೆ, "ಇಲ್ಲೇ ಬಿದ್ಕಳ್ಳಲಿ. ಮಕಾಡೆ ಬಿದ್ದೀಯ ಹುಷಾರು, ಬಾ" ಎಂದು ತೋಳು ಹಿಡಿದು ಮಂಚಕ್ಕೆ ಕರೆದುಕೊಂಡು ಹೋದಳು. ಅಪ್ಪ ಪಕ್ಕದಲ್ಲಿ ಬಕೆಟ್ ಇಟ್ಟು ಕಾವಲು ಕೂತ. ಒಂದು ಗುಟುಕು ಕಮ್ಮಿ ಮೂರು ಬಾಟಲಿ ಕುಡಿದವನಿಗೆ ನಿಂಬೆಹಣ್ಣಿನ ನೀರು, ತಲೆಗೆ ಒದ್ದೆ ಬಟ್ಟೆ. ಒಂದು ಗುಟುಕಿನವನು ಅವ್ವನ ಪಾಲಿಗೆ ಗೋಡೆ!

ಮರುದಿನ ಬೆಳಿಗ್ಗೆ ಅವ್ವ ಮಾರುತಿಯ ಅಪ್ಪನಿಗೆ ಫೋನ್ ಮಾಡಿದಳು. "ನಿಮ್ಮ ಮಗ ನಮ್ಮ ಮನ್ಯಾಗಿದಾನೆ, ಆರಾಮದಾನೆ. ನೆಲದಾಗೆ ತೂತು ಕೊರೆಯೋದು ಮುಗಿದ ಮ್ಯಾಲೆ ಒಂದ್ಸಲ ಮನೆ ಕಡೆ ಬರ್ರಿ" ಎಂದಷ್ಟೇ ಹೇಳಿ ಇಟ್ಟಳು.

ಸೋಮವಾರ ಸಂಜೆ ಹೊಸ್ತಿಲಿಗೆ ಬಂದು ಅಭ್ಯಾಸಬಲದಿಂದ "ಹಾ" ಅಂದೆ. ಅವ್ವ ಪೊರಕೆ ಹಿಡಿದು ನನ್ನ ಪಕ್ಕದಲ್ಲೇ ಗುಡಿಸಿಕೊಂಡು ಹೋದಳು. ಮಂಗಳವಾರ ಆರು ಎಸಳು ಬೆಳ್ಳುಳ್ಳಿ ತಿಂದು ಹೋದೆ. ಬೀದಿನಾಯಿ ದಾರಿ ಬದಲಿಸಿತು, ಅವ್ವ ತಿರುಗಲಿಲ್ಲ. ಬುಧವಾರ ಯಾರ ಜೊತೆ ಇದ್ದೆ ಎಂದು ನಾನೇ ಹೇಳತೊಡಗಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ಊಟ ಇತ್ತು, ಹಾಸಿಗೆ ಇತ್ತು, ಫೀಸಿಗೆ ದುಡ್ಡೂ ಇತ್ತು, ಮಿರ್ಚಿ ಎಷ್ಟು ತಿಂದೆ ಎಂದು ಹೇಳುವವರಿರಲಿಲ್ಲ. ಛತ್ರ ಎಂದು ಅಪ್ಪ ಹೇಳಿದ್ದು ಸುಳ್ಳಲ್ಲ. ನಾನು ಆ ಮೂರು ದಿನಗಳಲ್ಲಿ ಹನ್ನೆರಡು ಕೇಜಿ ಇಳಿದೆ, ತಕ್ಕಡಿ ಒಪ್ಪದಿದ್ದರೆ ಅದು ತಕ್ಕಡಿಯ ದೋಷ.

ಮಾರುತಿಯೂ ಮಂಕಾಗಿದ್ದ. "ನನ್ನ ಮೂಸಲೇ ಇಲ್ಲ ಕಣಲೇ ನಿಮ್ಮವ್ವ."

"ನನ್ನ ಮೂಸಿ ಬ್ಯಾಡ ಅಂದ್ಲು. ನೀನು ಸಾಲಿನಾಗೇ ಇರಲಿಲ್ಲ."

"ಸಾಲಿಗೆ ಸೇರೋದು ಹೆಂಗೆ?" ಅಂದ, ಗಂಭೀರವಾಗಿ.

ಆ ಕ್ಷಣದಲ್ಲಿ ಪ್ರಪಂಚದ ಅತಿ ದೊಡ್ಡ ಉಪಾಯ ನನ್ನ ತಲೆಗೆ ಹೊಳೆಯಿತು. ಮಿಲ್ಲು, ಕಣ, ಮೂರು ದಿನ ಬಿಸಿಲು, ಬೇರೆ ಚೀಲ!

ಗುರುವಾರದಿಂದ ಕಾಲೇಜು ಬಿಟ್ಟ ಮೇಲೆ ಮೂವರೂ ಚಿಕ್ಕೀರಪ್ಪನವರ ಮಿಲ್ಲಿನ ಹಿಂದಿನ ಕಣಕ್ಕೆ ಹೋದೆವು. ಸುಡುಬಿಸಿಲಲ್ಲಿ ಹರವಿದ ಶೇಂಗಾವನ್ನು ಕಾಲಿನಿಂದ ಕೆದಕುತ್ತಾ ಸಂಜೆಯವರೆಗೆ ಒಣಗಿದೆವು. ಬಿಟ್ಟಿ ಕೆಲಸಕ್ಕೆ ಮೂರು ಆಳು ಸಿಕ್ಕಿದ ಸಂತೋಷಕ್ಕೆ ಸಾವ್ಕಾರರು ಒಂದು ಮಾತೂ ಕೇಳಲಿಲ್ಲ. ಮಾರುತಿ ಗುರುವಾರ ಸೇದಲಿಲ್ಲ. ಶುಕ್ರವಾರ ಎರಡು ಪಾಕೀಟು ಬಬಲ್ ಗಮ್ ಅಗಿದ. ಶನಿವಾರ ಮಧ್ಯಾಹ್ನ ಕಣದಲ್ಲೇ ನಿಂತು, "ಲೇ, ಬಿಸಿಲಿಗಿಂತ ಇದೇ ಜಾಸ್ತಿ ಸುಡ್ತೈತೆ" ಎಂದು ಗಂಟಲು ಮುಟ್ಟಿ ತೋರಿಸಿದ.

ಶನಿವಾರ ಸಂಜೆ ನಾಲ್ಕೂವರೆಗೆ ಮಿಲ್ಲಿನ ಅಂಗಳದಲ್ಲಿ ಹದಿನೆಂಟು ಮೂಟೆಗಳ ಸಾಲಿತ್ತು. ಅದರ ಕಟ್ಟಕಡೆಗೆ ಅಸ್ಲಂ ಎರಡು ಹೊಸ ಗೋಣಿಚೀಲ ತಂದು, ನಮ್ಮಿಬ್ಬರನ್ನೂ ಅವುಗಳೊಳಗೆ ಕುಕ್ಕರುಗಾಲಲ್ಲಿ ಕೂರಿಸಿ, ಚೀಲಗಳ ಬಾಯನ್ನು ಹುರಿಯಿಂದ ಸಡಿಲಾಗಿ ಕಟ್ಟಿದ. ಗೋಣಿಯ ಎಳೆಗಳ ನಡುವಿನಿಂದ ನಾನು ಅವ್ವನ ಕಾಲುಗಳನ್ನು ನೋಡುತ್ತಿದ್ದೆ. ಆತು. ಆತು. ಮುಗ್ಗೈತೆ. ಆತು. ಹಮಾಲಿಗಳು ನಗು ತಡೆಯಲಾಗದೆ ಕೆಮ್ಮುತ್ತಿದ್ದರು. ಅವರಲ್ಲಿ ಮಂಡಿಯಿಂದ ಬಂದಿದ್ದ ನಮ್ಮಪ್ಪನ ಕೆಮ್ಮೂ ಇತ್ತು.

"ಇದ್ಯಾರ ಮಾಲು?" ಅವ್ವನ ದನಿ ನನ್ನ ತಲೆಯ ಮೇಲೇ ಕೇಳಿತು.

ಅಸ್ಲಂ ದಲ್ಲಾಳಿಯಂತೆ ಕೈಕಟ್ಟಿ ನಿಂತಿದ್ದ. "ಲೋಕಲ್ ಮಾಲು ದುರುಗಕ್ಕಾ. ಮೂರು ದಿನ ನಿಮ್ಮ ಕಣದಾಗೇ ಒಣಗಿಸಿ ಬೇರೆ ಚೀಲಕ್ಕೆ ಹಾಕೀವಿ. ಹೊಸ ಮೂ..." ಮಾತು ಮುಗಿಯುವ ಮೊದಲೇ ಅವನಿಗೇ ನಗು ಬಂತು.

ಅವ್ವನ ಕೈ ಚೀಲದೊಳಕ್ಕೆ ಇಳಿಯಿತು. ಶೇಂಗಾ ಸಿಗಬೇಕಾದಲ್ಲಿ ನನ್ನ ಕೂದಲು ಸಿಕ್ಕಿತು. ಕೈ ನಿಂತಿತು. ಅಂಗಳದ ಕೆಮ್ಮೆಲ್ಲ ನಿಂತಿತು. ಯಂತ್ರದ ಮೇಲಿನ ಲೋಟ ಎತ್ತಿದ್ದ ಸಾವ್ಕಾರರು ಟೀ ನುಂಗಲಿಲ್ಲ.

ಆಮೇಲೆ ಆ ಕೈ ನನ್ನ ಕೂದಲನ್ನು ಹಿಡಿದು, ಮೂಟೆಯ ತಳದಿಂದ ಹಿಡಿ ಎತ್ತುವಂತೆ ಮೇಲಕ್ಕೆ ಎತ್ತಿತು. ಕಣ್ಣಿಗೆ ಬೆಳಕು ಬಿತ್ತು. ಎದುರಿಗೆ ಅವ್ವನ ಮೂಗು, ಅದರ ಮೇಲೊಂದು ಹೊಟ್ಟಿನ ಚೂರು.

"ಹಾ ಅನ್ನು."

"ಹಾ."

ಅವ್ವ ಆತುರ ಮಾಡಲಿಲ್ಲ. "ಬೆಳ್ಳುಳ್ಳಿ. ಮಂಗಳವಾರದ್ದು ಇನ್ನೂ ಹೋಗಿಲ್ಲ. ಮಿರ್ಚಿ, ಆ ಅಂಗಡಿಗೆ ಹೋಗಬ್ಯಾಡ ಅಂದಿದ್ದೆ." ಮೂಗಿನ ಮೇಲಿನ ಹೊಟ್ಟು ಒರೆಸಿಕೊಂಡಳು. "ಆತು."

ಸೆರಗು ಬಂತು. ಅಷ್ಟು ಜನರ ಎದುರಿಗೆ, ಕಾಲೇಜು ವಾಲಿಬಾಲ್ ತಂಡದ ಆಧಾರಸ್ತಂಭದ ಮುಖವನ್ನು ಹಣೆಯಿಂದ ಗದ್ದದವರೆಗೆ ಉಜ್ಜಿ ಒರೆಸಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ಶೇಂಗಾ ಧೂಳಿಗೆ. ಅಪ್ಪನ ಕಣ್ಣಲ್ಲೂ ಧೂಳೇ.

ಪಕ್ಕದ ಚೀಲ ತಾನಾಗಿಯೇ ಎದ್ದು ನಿಂತಿತು. ಹುರಿ ಜಾರಿ, ಮಾರುತಿಯ ತಲೆ ಹೊರಗೆ ಬಂತು. ಅವನು ಕರೆಯುವ ಮೊದಲೇ ಬಾಯಿ ತೆರೆದಿದ್ದ, ಕಣ್ಣು ಗಟ್ಟಿಯಾಗಿ ಮುಚ್ಚಿದ್ದ.

ಅವ್ವ ಬಾಗಿ ಮೂಸಿದಳು. ಬಹಳ ಹೊತ್ತು ಮೂಸಿದಳು.

"ಬಬಲ್ ಗಮ್ಮು. ಅದರ ಕೆಳಗೆ ಸಿಗರೇಟು. ಒಂದೇ. ನಿನ್ನೆ ಸಂಜೆ, ಇಲ್ಲಿಂದ ಹೋದ ಮ್ಯಾಲೆ."

"ಪೂರ್ತಿ ಸೇದಲಿಲ್ಲ," ಅಂದ ಮಾರುತಿ, ಕಣ್ಣು ತೆರೆಯದೆ. "ಅರ್ಧಕ್ಕೆ ಎಸೆದೆ... ಅವ್ವಾ."

ಸಾವ್ಕಾರ್ ಚಿಕ್ಕೀರಪ್ಪನವರು ಕೇಳಿದರು, "ಏನ್ ದುರುಗಕ್ಕಾ, ಹೊರಕ್ಕಾ?"

ಅವ್ವ ಮಾರುತಿಯ ಬೆನ್ನಿಗೆ ಒಂದು ಕೊಟ್ಟಳು. ಆ ಏಟಿಗೆ ಗೋಣಿಚೀಲದಿಂದ ಎದ್ದ ಧೂಳು ಪೇಟೆಯವರೆಗೆ ಹೋಯಿತು ಎಂದರೆ ಅರ್ಥ ಮಾಡಿಕೊಳ್ಳಿ. "ಇನ್ನೂ ಮೂರು ದಿನ ಬಿಸಿಲಿಗೆ ಹಾಕ್ರಿ," ಅಂದಳು. "ಕಾಯಿ ಒಳ್ಳೇದೇ ಐತೆ. ಹರವಿದೋರಿಲ್ಲ."

ಸೆರಗು ಅವನ ಮುಖಕ್ಕೂ ಹೋಯಿತು. ಮಾರುತಿ ಚೀಲದಲ್ಲಿ ನಿಂತೇ, ರ್‍ಯಾಂಕ್ ಬಂದವರು ಪೇಪರಿನವರಿಗೆ ಹೇಳುವಂತೆ, ನಮ್ಮಿಬ್ಬರ ಕಡೆ ತಿರುಗಿ ಎದೆಯುಬ್ಬಿಸಿ ಹೇಳಿದ:

"ಕೇಳಿದ್ರೇನಲೇ? ನಂಗೆ ಇನ್ನೂ ಮೂರು ದಿನ!"